ಸ್ತ್ರೀಧನ: ಆ ಪದ ಯಾರದು?

(ಮರ್ಫಿ ಟೌನಿನಲ್ಲಿ ಸ್ವಸಹಾಯ ಸಂಘದ ಸದಸ್ಯೆಯರಿಗೆ ಮಾಡಿದ ಭಾಷಣ)



ಸಭೆಗೆ ಮುಂಚೆ ಒಬ್ಬ ತಂಗಿ ಕೇಳಿದಳು: "ಮೇಡಂ, ತವರಿನವರು ಹಾಕಿದ ಒಡವೆಯನ್ನು ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಅದು ಯಾರದು?" ಉತ್ತರ ಒಂದು ಹಳೆಯ ಪದದಲ್ಲಿದೆ: ಸ್ತ್ರೀಧನ. ಅಂದರೆ ಹೆಣ್ಣಿನ ಸ್ವತ್ತು.

ಯಾಜ್ಞವಲ್ಕ್ಯ ಸ್ಮೃತಿಯು ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು ಎಂದು ಎಣಿಸಿ, ಕೊನೆಗೆ 'ಮುಂತಾದುವು' ಎಂದಿತು. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿದ್ದವನು, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆಗ ಆಳುತ್ತಿದ್ದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯ (1076-1126). 'ಮುಂತಾದುವು' ಎಂದರೆ ವಾರಸಾಗಿ, ಕ್ರಯದಿಂದ, ಪಾಲಿನಿಂದ ಬಂದದ್ದೂ ಸೇರುತ್ತದೆ ಎಂದು ವಿಜ್ಞಾನೇಶ್ವರ ಬರೆದ. ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್ ಆ ವಿಶಾಲ ಅರ್ಥವನ್ನು ಕುಗ್ಗಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿಗೆ ಪೂರ್ಣ ಒಡೆತನ ಕೊಟ್ಟಿತು.

ಗಂಡ ಅದನ್ನು ತೆಗೆದುಕೊಳ್ಳಬಹುದೆ? ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ - ಈ ನಾಲ್ಕು ಸಂದರ್ಭಗಳಲ್ಲಿ ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕಿಲ್ಲ ಎಂದಿತು ಸ್ಮೃತಿ. ಉಳಿದದ್ದೆಲ್ಲ ತೀರಿಸಬೇಕಾದ ಸಾಲವೇ! 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ತ್ರೀಧನ ಹೆಂಡತಿಯೊಬ್ಬಳದೇ, ಕೇಳಿದಾಗ ಕೊಡದಿರುವುದು ನಂಬಿಕೆದ್ರೋಹದ ಅಪರಾಧ ಎಂದಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಅದನ್ನು ಹಿಂದಿರುಗಿಸಲು ಆದೇಶಿಸಬಹುದು. ಇಲ್ಲಿ ಎಲ್ಲ ಧರ್ಮದವರೂ ಇದ್ದೀರಿ; ಈ ಕಾಯ್ದೆ ಎಲ್ಲರದು.

ವರದಕ್ಷಿಣೆ ಬೇರೆ. ಅದನ್ನು ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು 1961ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಬೇರೆಯವರು ತೆಗೆದುಕೊಂಡಿದ್ದರೆ ಅದನ್ನು ಹೆಣ್ಣಿಗೇ ಒಪ್ಪಿಸಬೇಕು ಎನ್ನುತ್ತದೆ ಅದೇ ಕಾಯ್ದೆ.

ನನ್ನದೂ ಒಂದು ಮಾತು. ಅಮ್ಮ ಕೊಟ್ಟ ನಾಲ್ಕು ಬಳೆ ನಾದಿನಿಯ ಮದುವೆಗೆಂದು ಹೋದವು, ಬರಲಿಲ್ಲ. ಕಾಲೇಜಿನಲ್ಲಿ ಮಿತಾಕ್ಷರದ ಪಾಠ ಹೇಳುತ್ತಿದ್ದ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಕೇಳಿದರೆ ಸಂಸಾರ ಒಡೆಯುತ್ತದೆಂಬ ಭಯ. ಓದಿದವಳ ಗತಿಯೇ ಹೀಗಾದರೆ?

ಆದ್ದರಿಂದ ಸಂಘದ ಲೆಕ್ಕ ಬರೆಯುವ ನೀವು ನಿಮ್ಮ ಒಡವೆ, ಪಾತ್ರೆಗಳ ಪಟ್ಟಿಯನ್ನೂ ಬರೆಯಿರಿ. ಮದುವೆಯ ಉಡುಗೊರೆಗಳ ಪಟ್ಟಿ ಇಡಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ರಸೀತಿ, ಫೋಟೋ, ಗಿರವಿ ಚೀಟಿ ಜೋಪಾನ ಮಾಡಿ. ಒಂದು ಪ್ರತಿ ನಂಬಿಕೆಯ ಗೆಳತಿಯ ಬಳಿ ಇರಲಿ.

ತಂಗೀ, ಆ ಬೀರು ಅತ್ತೆಯದಿರಬಹುದು. ಒಳಗಿನ ಒಡವೆ ನಿನ್ನದು. ಕೇಳಲು ಒಬ್ಬಳೇ ಹೋಗಬೇಡ, ನಾವು ಜೊತೆಗೆ ಬರುತ್ತೇವೆ.