ಹಸುರೆಲೆಯ ಇಂಧನ: ಆಸೆಯೂ ಅಳತೆಯೂ



 ಗಿಡಮರಗಳಿಂದ ವಾಹನದ ಇಂಧನವನ್ನು ಅತ್ಯಲ್ಪ ವೆಚ್ಚದಲ್ಲಿ ತೆಗೆಯಬಹುದೆಂದು ಕಾಲಕಾಲಕ್ಕೆ ಕೇಳಿಬರುವ ಘೋಷಣೆಗಳನ್ನೂ ಅವುಗಳ ಸುತ್ತ ಎದ್ದ ವಿವಾದಗಳನ್ನೂ ಈ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಇದು ರಸಾಯನಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೆಂಬಂತೆ ತೋರಿದರೂ, ಹೊಲದ ಬದುವಿನಲ್ಲಿ ನಿಂತ ರೈತನ ಬಾಳಿಗೂ, ಒಂದು ಜನಾಂಗವು ಸತ್ಯಾಸತ್ಯಗಳನ್ನು ವಿವೇಚಿಸುವ ಬಗೆಗೂ ನೇರವಾಗಿ ಸಂಬಂಧಿಸಿದುದೆಂಬುದು ನನ್ನ ದೃಢವಾದ ನಂಬಿಕೆ.

1

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಸ್ಯಗಳಿಂದ ಇಂಧನವನ್ನು ಪಡೆಯಬೇಕೆಂಬ ಆಸೆಯು ಹಾಸ್ಯಾಸ್ಪದವಾದುದೂ ಅಲ್ಲ, ಇತ್ತೀಚಿನದೂ ಅಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತೆಂಬುದನ್ನೂ, ನೋಡಿದವರಲ್ಲಿ ಅನೇಕರಿಗೆ ಎಣ್ಣೆ ಬೇರೆಯೆಂಬುದೇ ತಿಳಿಯಲಿಲ್ಲವೆಂಬುದನ್ನೂ ರುಡಾಲ್ಫ್ ಡೀಸೆಲ್ ಮಹಾಶಯನೇ ಮುಂದೆ ಸ್ಮರಿಸಿಕೊಂಡಿದ್ದಾನೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲು ಪಡಿತರಕ್ಕೆ ಸಿಕ್ಕಿ ದುರ್ಲಭವಾದಾಗ, ನಮ್ಮ ದೇಶದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಉರುಳೆಯೊಂದನ್ನು ಕಟ್ಟಿಕೊಂಡು, ಅದರ ಅನಿಲದ ಬಲದಿಂದ ಏದುತ್ತ ಏದುತ್ತ ಊರಿಂದೂರಿಗೆ ಸಂಚರಿಸಿದುದುಂಟು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ ಮಂಡ್ಯದ ಸೀಮೆಯು ಕಬ್ಬಿನ ನಾಡಾದ ಮೇಲೆ, ಕಾಕಂಬಿಯಿಂದ ಮದ್ಯಸಾರವನ್ನು ಭಟ್ಟಿಯಿಳಿಸುವ ವಿದ್ಯೆಯು ನಮ್ಮವರಿಗೂ ಕರಗತವಾಯಿತು. ಅಂಥ ಮದ್ಯಸಾರವನ್ನು ಪೆಟ್ರೋಲಿನೊಡನೆ ಬೆರೆಸುವುದಕ್ಕೆಂದೇ 1948ರಲ್ಲಿ ಭಾರತ ಸರ್ಕಾರವು ಒಂದು ಶಾಸನವನ್ನು ಮಾಡಿತು. ಆದಕಾರಣ ಇಲ್ಲಿ ವಿವಾದವಿರುವುದು ಸಸ್ಯದಿಂದ ಇಂಧನವು ಸಾಧ್ಯವೆ ಎಂಬುದರಲ್ಲಿ ಅಲ್ಲ. ಎಷ್ಟು ಸಸ್ಯದಿಂದ ಎಷ್ಟು ಇಂಧನ, ಎಷ್ಟು ವೆಚ್ಚಕ್ಕೆ, ಯಾರ ದುಡಿಮೆಯಿಂದ ಎಂಬುದರಲ್ಲಿ.

2

1996ನೆಯ ಇಸವಿಯಲ್ಲಿ ತಮಿಳುನಾಡಿನ ರಾಜಪಾಳಯದ ಸಮೀಪದ ಹಳ್ಳಿಯೊಂದರಿಂದ ಬಂದ ರಾಮರ್ ಪಿಳ್ಳೈ ಎಂಬ, ಹೆಚ್ಚಿನ ಶಾಲಾಶಿಕ್ಷಣವಿಲ್ಲದ ಯುವಕರು, ತಮಗೆ ಮಾತ್ರ ತಿಳಿದ ಗಿಡವೊಂದರ ಎಲೆಯನ್ನು ನೀರಿನಲ್ಲಿ ಕುದಿಸಿ, ಉಪ್ಪು ಮತ್ತು ಹುಳಿಯೊಡನೆ ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ಪೆಟ್ರೋಲಿನಂಥ ದ್ರವವು ದೊರೆಯುವುದೆಂದು ಸಾರಿದಾಗ, ದೇಶಕ್ಕೆ ದೇಶವೇ ಕಿವಿ ನಿಮಿರಿಸಿ ಕೇಳಿತು. ಲೀಟರಿಗೆ ಒಂದೆರಡು ರೂಪಾಯಿಗಳಲ್ಲಿ ಅದನ್ನು ತಯಾರಿಸಬಹುದೆಂಬ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ದೆಹಲಿಯ ಐಐಟಿಯಲ್ಲಿ ಪ್ರದರ್ಶನ ನಡೆಯಿತು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಆಸಕ್ತಿ ವಹಿಸಿತು. ಆದರೆ ವಿಜ್ಞಾನಿಗಳ ನಿಕಟವಾದ ನಿಗಾವಣೆಯಲ್ಲಿ ಪರೀಕ್ಷೆಯು ನಡೆದಾಗ ಹೇಳಿದ ಫಲವು ದೊರೆಯಲಿಲ್ಲ. ಅಷ್ಟಕ್ಕೇ ಕಥೆಯು ಮುಗಿಯಲಿಲ್ಲ. ಕೆಲವು ವರ್ಷಗಳ ತರುವಾಯ ಗಿಡಮೂಲಿಕೆಯ ಇಂಧನವೆಂಬ ಹೆಸರಿನಲ್ಲಿಯೇ ಒಂದು ದ್ರವವು ಮಾರಾಟಕ್ಕೆ ಬಂದಿತು. ಅದು ಟಾಲೂಯೀನ್, ನ್ಯಾಫ್ತಾ ಮೊದಲಾದ ಪೆಟ್ರೋಲಿಯಂ ದ್ರವಗಳ ಮಿಶ್ರಣವೆಂದು ಕೇಂದ್ರ ತನಿಖಾ ದಳವು ಮೊಕದ್ದಮೆ ಹೂಡಿತು. 2016ರಲ್ಲಿ ಚೆನ್ನೈನ ನ್ಯಾಯಾಲಯವು ರಾಮರ್ ಪಿಳ್ಳೈ ಅವರಿಗೂ ಅವರ ಸಹವರ್ತಿಗಳಿಗೂ ಮೂರು ವರ್ಷಗಳ ಕಠಿಣ ಸಜೆಯನ್ನು ವಿಧಿಸಿತು. ತಮ್ಮ ಆವಿಷ್ಕಾರವು ಸತ್ಯವೆಂದೇ ಅವರು ವಾದಿಸುತ್ತ ಬಂದರು. ಅವರನ್ನು ನಂಬಿದವರೂ ಅನೇಕರಿದ್ದರು.

ಆ ನಂಬಿದವರನ್ನು ಮೂಢರೆಂದು ಹಳಿಯುವ ಮನಸ್ಸು ನನಗಿಲ್ಲ. ಪರದೇಶದ ಎಣ್ಣೆಗಾಗಿ ಬೆವರಿನ ಹಣವನ್ನು ತೆರುತ್ತಿರುವ ಬಡ ದೇಶವೊಂದರಲ್ಲಿ, ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇರದ ಹಳ್ಳಿಯ ಹುಡುಗನೊಬ್ಬನು ನಮ್ಮ ಬೆಟ್ಟದ ಗಿಡದಿಂದಲೇ ನಮ್ಮ ದಾಸ್ಯವನ್ನು ಬಿಡಿಸಿಯಾನೆಂಬ ಭರವಸೆಯು ಎಷ್ಟು ಮಧುರವಾದುದು! ಭರವಸೆಯು ಪವಿತ್ರವಾದುದರಿಂದಲೇ ಅದನ್ನು ಪರೀಕ್ಷಿಸುವ ಹೊಣೆಯು ಗುರುತರವಾದುದು. ಆ ಹೊಣೆಯನ್ನು ಮೊದಲು ಹೊರಬೇಕಾದವರು ಸಾಮಾನ್ಯ ಜನರಲ್ಲ, ವಿದ್ಯಾವಂತರು.

3

ಆ ಪರೀಕ್ಷೆಗೆ ಮಹಾಯಂತ್ರಗಳು ಬೇಕಾಗಿರಲಿಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮೆಯಿಲ್ಲದೆ ಖರ್ಚು ಹೇಗೆ ಬರಲಾರದೋ ಹಾಗೆಯೇ ಪಾತ್ರೆಯೊಳಕ್ಕೆ ಹೋಗದಿದ್ದ ವಸ್ತುವು ಪಾತ್ರೆಯಿಂದ ಹೊರಕ್ಕೆ ಬರಲಾರದು. ಒಂದು ಲೀಟರು ಪೆಟ್ರೋಲು ಸುಮಾರು 740 ಗ್ರಾಂ ತೂಗುತ್ತದೆ. ಅದರಲ್ಲಿ 630 ಗ್ರಾಮಿನಷ್ಟು ಇಂಗಾಲವೇ. ನೀರಿನಲ್ಲಿರುವುದು ಜಲಜನಕ ಮತ್ತು ಆಮ್ಲಜನಕ ಮಾತ್ರ, ಉಪ್ಪಿನಲ್ಲಿ ಇಂಗಾಲವಿಲ್ಲ. ಆದುದರಿಂದ, ಹುಳಿ ಮೊದಲಾದವುಗಳಲ್ಲಿರಬಹುದಾದ ಅಲ್ಪಸ್ವಲ್ಪವನ್ನು ಬಿಟ್ಟರೆ, ಈ ಇಂಗಾಲವೆಲ್ಲವೂ ಎಲೆಯಿಂದಲೇ ಬರತಕ್ಕದ್ದು. ಒಂದು ಕಿಲೋಗ್ರಾಂ ಹಸಿ ಎಲೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ ಇರುವುದೆಂದಿಟ್ಟುಕೊಂಡರೆ, ಒಣಗಿದ ಮೇಲೆ ಉಳಿಯುವುದು 300 ಗ್ರಾಂ. ಅದರಲ್ಲಿ ಇಂಗಾಲವು ಸುಮಾರು 135 ಗ್ರಾಂ. ಒಂದು ಕಣವೂ ವ್ಯರ್ಥವಾಗದೆ ಇಂಗಾಲವೆಲ್ಲವೂ ಪೆಟ್ರೋಲಾಗಿಯೇ ಪರಿಣಮಿಸಿದರೂ, ಒಂದು ಲೀಟರಿಗೆ ನಾಲ್ಕೂವರೆ ಕಿಲೋಗೂ ಮಿಕ್ಕ ಎಲೆ ಬೇಕು. ಶಕ್ತಿಯ ಲೆಕ್ಕವನ್ನು ಹಿಡಿದರಂತೂ, ಒಣ ಎಲೆಯ ಶಾಖವು ಪೆಟ್ರೋಲಿನದಕ್ಕಿಂತ ಬಹಳ ಕಡಮೆಯಾದ ಕಾರಣ, ಆರು ಕಿಲೋಗೂ ಹೆಚ್ಚು ಬೇಕಾಗುವುದು. ಕುದಿಸುವ ಸೌದೆ ಅದಕ್ಕೆ ಹೊರತು. ಮುಷ್ಟಿಯಷ್ಟು ಎಲೆಯಿಂದ ಪಾತ್ರೆ ತುಂಬ ಇಂಧನವೆಂಬ ಮಾತು ಈ ಲೆಕ್ಕದ ಮುಂದೆ ನಿಲ್ಲಲಾರದು.

ಹಾಗಾದರೆ, ದ್ರವವು ಉರಿಯಿತಲ್ಲ, ಸ್ಕೂಟರು ಓಡಿತಲ್ಲ ಎಂದು ಕೆಲವರು ಕೇಳಿಯಾರು. ಉರಿದುದು ಆ ದ್ರವವು ಉರಿಯತಕ್ಕದ್ದೆಂಬುದನ್ನು ತೋರಿಸೀತೇ ಹೊರತು, ಅದು ಎಲ್ಲಿಂದ ಬಂದಿತೆಂಬುದನ್ನು ತೋರಿಸದು. ಮೂಲವನ್ನು ಅರಿಯುವುದಕ್ಕೆ ಪ್ರಕೃತಿಯೇ ಒಂದು ಗುರುತನ್ನಿಟ್ಟಿದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಬೆಳೆಯುವ ಪ್ರತಿಯೊಂದು ಗಿಡದಲ್ಲಿಯೂ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಲೇಶವೊಂದಿರುತ್ತದೆ. ಅದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುವುದರಿಂದ, ಕೋಟ್ಯಂತರ ವರ್ಷ ಭೂಗರ್ಭದಲ್ಲಿ ಹುದುಗಿದ್ದ ಪೆಟ್ರೋಲಿಯಮ್ಮಿನಲ್ಲಿ ಅದರ ಸುಳಿವೂ ಉಳಿದಿರುವುದಿಲ್ಲ. ನಿನ್ನೆ ಕೊಯ್ದ ಎಲೆಯಿಂದ ಬಂದ ಇಂಧನವಾದರೆ ಅದರಲ್ಲಿ ಈ ಗುರುತು ಇದ್ದೇ ತೀರಬೇಕು. ಇಂಧನದಲ್ಲಿ ಸಸ್ಯಮೂಲದ ಪಾಲೆಷ್ಟೆಂಬುದನ್ನು ಇಂದು ಪ್ರಯೋಗಾಲಯಗಳು ಈ ಕ್ರಮದಿಂದಲೇ ನಿಷ್ಕರ್ಷಿಸುತ್ತವೆ. ಹೇಳುವವನ ಪದವಿ, ಕೇಳುವವನ ಭಕ್ತಿ, ಯಾವುದನ್ನೂ ಲೆಕ್ಕಿಸದೆ ಒಂದು ಸೀಸೆಯ ದ್ರವವೇ ತನ್ನ ಕುಲಗೋತ್ರವನ್ನು ನುಡಿಯಬಲ್ಲುದು.

4

ಇನ್ನು ನಿಜವಾದ ಸಸ್ಯೇಂಧನವೊಂದನ್ನು ಹತ್ತಿರದಿಂದ ನೋಡೋಣ. ನಮ್ಮ ಬಯಲುಸೀಮೆಯ ಕೆರೆಯ ಏರಿಗಳಲ್ಲಿಯೂ ರಸ್ತೆಯ ಇಕ್ಕೆಲಗಳಲ್ಲಿಯೂ ನೆರಳು ಚೆಲ್ಲಿ ನಿಂತಿರುವ ಹೊಂಗೆಯ ಮರವು, ವಿದ್ಯುದ್ದೀಪಗಳು ಬರುವುದಕ್ಕೆ ಬಹಳ ಹಿಂದೆಯೇ ತನ್ನ ಎಣ್ಣೆಯಿಂದ ಹಳ್ಳಿಯ ಹಣತೆಗಳನ್ನು ಬೆಳಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಈ ಎಣ್ಣೆಯಿಂದಲೇ ಡೀಸೆಲ್ ಯಂತ್ರಗಳನ್ನು ಓಡಿಸಿ ಗ್ರಾಮಗಳಿಗೆ ನೀರು, ವಿದ್ಯುತ್ತುಗಳನ್ನು ಒದಗಿಸಬಹುದೆಂದು ಪ್ರಯೋಗಪೂರ್ವಕವಾಗಿ ತೋರಿಸಿದರು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು ತಲೆಯೆತ್ತಿತು. ರಾಜ್ಯ ಸರ್ಕಾರವು ಜೈವಿಕ ಇಂಧನಕ್ಕಾಗಿಯೇ ಒಂದು ಮಂಡಳಿಯನ್ನು ಸ್ಥಾಪಿಸಿತು.

ಆದರೆ ಈ ಸತ್ಯವಾದ ಇಂಧನದ ಹಿಂದಿರುವ ಶ್ರಮವನ್ನು ಗಮನಿಸಿರಿ. ಬೇಸಿಗೆಯಲ್ಲಿ ಉದುರಿದ ಕಾಯಿಗಳನ್ನು ಆಯ್ದು, ಒಣಗಿಸಿ, ಬಡಿದು, ಸಿಪ್ಪೆಯನ್ನು ಬೇರ್ಪಡಿಸಿ ಬೀಜವನ್ನು ಗಾಣಕ್ಕೆ ತರಬೇಕು. ಸುಮಾರು ನಾಲ್ಕು ಕಿಲೋ ಬೀಜದಿಂದ ಒಂದು ಲೀಟರು ಎಣ್ಣೆ. ಉಳಿದ ಹಿಂಡಿಯು ತೋಟಕ್ಕೆ ಗೊಬ್ಬರ. ಕಂದು ಬಣ್ಣದ, ಕಟುವಾಸನೆಯ ಆ ಎಣ್ಣೆಯು ಡೀಸೆಲಿಗಿಂತ ಬಹಳ ಮಂದ. ಅದನ್ನು ತೆಳುಪಡಿಸಿ ಜೈವಿಕ ಡೀಸೆಲಾಗಿ ಮಾರ್ಪಡಿಸಬೇಕಾದರೆ ಮೆಥನಾಲಿನೊಡನೆ ಕ್ಷಾರವನ್ನು ಸೇರಿಸಿ ಬಿಸಿಮಾಡಬೇಕು. ಎಣ್ಣೆಯಲ್ಲಿ ಹುಳಿಯಂಶವು ಹೆಚ್ಚಾಗಿದ್ದರೆ ಕ್ಷಾರವು ಅದನ್ನು ಸಾಬೂನಾಗಿಸಿ ಕೆಲಸವನ್ನೆಲ್ಲ ಕೆಡಿಸುವುದರಿಂದ, ಮೊದಲು ಆಮ್ಲದಿಂದ ಸಂಸ್ಕರಿಸಬೇಕು. ಕೆಲವು ಗಂಟೆಗಳು ಕಳೆದರೆ ಗಾಢವರ್ಣದ ಗ್ಲಿಸರಿನ್ ತಳಕ್ಕಿಳಿದು, ಹೊಂಬಣ್ಣದ ಇಂಧನವು ಮೇಲೆ ನಿಲ್ಲುತ್ತದೆ. ಅದನ್ನು ಬೆಚ್ಚನೆಯ ನೀರಿನಿಂದ ತೊಳೆದು ತೇವವನ್ನು ಆರಿಸಬೇಕು. ಮೆಥನಾಲು ವಿಷ, ಅದರ ಹಬೆಯ ಬಗೆಗೂ ಬೆಂಕಿಯ ಬಗೆಗೂ ಸದಾ ಎಚ್ಚರವಿರಬೇಕು. ಇದರಲ್ಲಿ ರಹಸ್ಯವೆಂಬುದು ಒಂದೂ ಇಲ್ಲ. ಯಾವ ಊರಿನ ಯಾವ ವಿದ್ಯಾರ್ಥಿಯು ಮಾಡಿದರೂ ಅದೇ ಅಳತೆಗೆ ಅದೇ ಫಲ. ಹೊಂಗೆಯ ಹಿರಿಮೆಯಿರುವುದು ಈ ಬಹಿರಂಗದಲ್ಲಿಯೇ.

5

ಅತಿಶಯೋಕ್ತಿಯು ಹಳ್ಳಿಯ ಸಾಧಕರಿಂದ ಮಾತ್ರ ಬರುವುದೆಂದು ಭಾವಿಸಿದರೆ ನಾವು ಅನ್ಯಾಯ ಮಾಡಿದಂತಾಗುವುದು. ಕಾಡುಹರಳು ಅಥವಾ ಜಟ್ರೋಫಾ ಎಂಬ ಬೇಲಿಗಿಡದ ವಿಷಯದಲ್ಲಿ ಅತ್ಯುನ್ನತ ಪೀಠಗಳಿಂದಲೇ ಮಹತ್ತಾದ ಮಾತುಗಳು ಹೊರಟವು. 2002ರ ಡಿಸೆಂಬರ್ 31ರಂದು ದೆಹಲಿ-ಅಮೃತಸರದ ಶತಾಬ್ದಿ ರೈಲು ನೂರಕ್ಕೆ 5ರ ಜೈವಿಕ ಡೀಸೆಲ್ ಬೆರಕೆಯಿಂದ ಓಡಿದುದು ವಾಸ್ತವವಾದ ಸಾಧನೆಯೇ ಸರಿ. ಆದರೆ 2003ರಲ್ಲಿ ಯೋಜನಾ ಆಯೋಗದ ಸಮಿತಿಯು, 2011-12ರ ಹೊತ್ತಿಗೆ ಡೀಸೆಲಿನಲ್ಲಿ ನೂರಕ್ಕೆ 20ರಷ್ಟನ್ನು ಸಸ್ಯಮೂಲದಿಂದ ತುಂಬುವ ಗುರಿಯನ್ನಿಟ್ಟುಕೊಂಡು, ಅದಕ್ಕಾಗಿ ಒಂದು ಕೋಟಿ ಹೆಕ್ಟೇರಿಗೂ ಮಿಕ್ಕ ನೆಲದಲ್ಲಿ ಈ ಗಿಡವನ್ನು ಬೆಳೆಸುವ ಚಿತ್ರವನ್ನು ದೇಶದ ಮುಂದಿರಿಸಿತು. ಬರಡುನೆಲದಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಸಮೃದ್ಧವಾಗಿ ಫಲ ಕೊಡುವ ಗಿಡವೆಂದು ಅದನ್ನು ಕೊಂಡಾಡಿದರು. ಗಿಡವು ಬರಡಿನಲ್ಲಿ ಬದುಕಿತು, ನಿಜ. ಬದುಕುವುದೇ ಬೇರೆ, ಫಲಿಸುವುದೇ ಬೇರೆ. ನೀರು ಗೊಬ್ಬರಗಳಿಲ್ಲದ ಕಡೆ ಬೀಜದ ಇಳುವರಿಯು ನಿರೀಕ್ಷೆಯ ಸಣ್ಣ ಅಂಶಕ್ಕೇ ನಿಂತಿತು. ವಿಷವುಳ್ಳ ಹಿಂಡಿಯು ದನಕರುಗಳ ಮೇವಿಗೂ ಒದಗಲಿಲ್ಲ. ಕೊಳ್ಳುವವರಿಲ್ಲದೆ ಅನೇಕ ರೈತರು ಗಿಡಗಳನ್ನು ಕಿತ್ತೆಸೆದರು. ಜೈವಿಕ ಡೀಸೆಲಿನ ಬೆರಕೆಯು ಆ ಗಡುವಿನ ಹೊತ್ತಿಗೆ ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಇಲ್ಲಿ ಯಾರೂ ಯಾರನ್ನೂ ವಂಚಿಸಹೊರಟಿರಲಿಲ್ಲ. ಆದರೂ ಅಳತೆಗಿಂತ ಮುಂಚೆ ಘೋಷಣೆಯು ಹೊರಟುದರ ಭಾರವನ್ನು ಹೊತ್ತವನು ರೈತನೇ.

6

ಮಹನೀಯರೆ, ಈ ಎಲ್ಲದರಿಂದ ನಾನು ಕಂಡುಕೊಂಡ ತತ್ತ್ವವೊಂದನ್ನು ತಮ್ಮ ಮುಂದಿಡುತ್ತೇನೆ. ಸಸ್ಯೇಂಧನದ ವಿಷಯದಲ್ಲಿ ಅಗ್ಗವೆಂಬ ಮಾತನ್ನು ಕೇಳಿದೊಡನೆ, ಅಗ್ಗವಾದದ್ದು ಯಾರ ಪಾಲು ಎಂದು ಕೇಳತಕ್ಕದ್ದು. ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರೆಂದ ಮೇಲೆ, ಲೀಟರನ್ನು ಒಂದು ರೂಪಾಯಿಗೆ ಕೊಡುವೆನೆನ್ನುವವನು ಕಿಲೋ ಬೀಜಕ್ಕೆ ನಾಲ್ಕಾಣೆಯನ್ನೂ ಕೊಡಲಾರನು. ಬಿಸಿಲಿನಲ್ಲಿ ಬಾಗಿ ಕಾಯಿ ಆಯುವ ಹೆಂಗಸಿನ ದಿನಗೂಲಿಯು ಆ ಅಗ್ಗದ ಬೆಲೆಯಲ್ಲಿ ಎಲ್ಲಿ ಅಡಗಿಕೊಂಡೀತು? ಆಕೆಗೆ ನ್ಯಾಯವಾದ ಕೂಲಿಯನ್ನು ಕೊಟ್ಟ ಮೇಲೆ ಇಂಧನವು ಡೀಸೆಲಿನಷ್ಟೇ ದುಬಾರಿಯಾದರೂ ಆಗಲಿ. ಆ ಹಣವು ಪರದೇಶಕ್ಕೆ ಹೋಗದೆ ನಮ್ಮ ಹಳ್ಳಿಯಲ್ಲಿಯೇ ಉಳಿಯುವುದಾದರೆ ಅದು ಲಾಭವೇ. ಅಗ್ಗದ ಕನಸನ್ನು ಬಿಟ್ಟಾಗಲೇ ಸಸ್ಯೇಂಧನದ ನಿಜವಾದ ಬೆಲೆಯು ನಮಗೆ ಗೋಚರಿಸುವುದು.

ಇನ್ನು ಮುಂದೆಯೂ ಇಂಥ ಘೋಷಣೆಗಳು ಬಂದೇ ಬರುವುವು. ಅವನ್ನು ತಾತ್ಸಾರದಿಂದ ತಳ್ಳಿಹಾಕುವುದೂ ಬೇಡ, ಹಾರ ಹಾಕಿ ಮೆರೆಸುವುದೂ ಬೇಡ. ಪಾತ್ರೆಯೂ ನೀರೂ ಕಲಕುವ ಕೋಲೂ ಪರೀಕ್ಷಕರದಾಗಿರಲಿ. ಒಳಕ್ಕೆ ಹೋದುದನ್ನೂ ಹೊರಕ್ಕೆ ಬಂದುದನ್ನೂ ಸಾರ್ವಜನಿಕವಾಗಿ ತೂಗಲಿ. ಹೇಳಿದವರಿಲ್ಲದ ಬೇರೊಂದು ಕಡೆಯಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮೂರು ಮುಗಿಯುವ ತನಕ ಒಬ್ಬ ರೈತನಿಗೂ ಒಂದು ಸಸಿಯನ್ನೂ ಮಾರಕೂಡದು, ಒಬ್ಬ ಗೃಹಸ್ಥನಿಂದ ಒಂದು ರೂಪಾಯಿಯ ಬಂಡವಾಳವನ್ನೂ ಪಡೆಯಕೂಡದು. ನಮ್ಮ ಪ್ರೌಢಶಾಲೆಗಳ ಪ್ರಯೋಗಶಾಲೆಗಳಲ್ಲಿ ಮಕ್ಕಳು ಹಸಿ ಎಲೆಯನ್ನು ತೂಗಿ, ಒಣಗಿಸಿ, ಮತ್ತೆ ತೂಗುವುದನ್ನು ಕಲಿತರೆ, ಮುಂದಿನ ತಲೆಮಾರಿಗೆ ಈ ಉಪನ್ಯಾಸದ ಅಗತ್ಯವೇ ಇರದು.