ಎರಡು ನುಡಿಯ ಮನೆಯ ಮಕ್ಕಳು



ಆದಿವಾಲವಿರುವ ಹಿರಿಯೂರು ತಾಲ್ಲೂಕಿನ ಮೂಡಣಕ್ಕೆ ಆಂಧ್ರದ ಗಡಿ. ಮನೆಯೊಳಗೆ ತೆಲುಗು, ಬೀದಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ ಎಂಬ ಕುಟುಂಬಗಳು ಈ ಸೀಮೆಯಲ್ಲಿ ಅಪೂರ್ವವಲ್ಲ. ಇದರಿಂದ ಮಕ್ಕಳ ಬುದ್ಧಿ ಕಲಕುವುದೆಂದು ಹೆದರಿ ಕೆಲವರು ಮನೆಮಾತನ್ನೇ ಬಿಡಿಸಲೆಳಸುವರು. ಈ ಭೀತಿ ನಿರಾಧಾರವಾದುದು.

ಇಲ್ಲಿ 'ಹಾಲು', ಅಲ್ಲಿ 'ಪಾಲು'. ಇಲ್ಲಿ 'ಹುಲಿ', ಅಲ್ಲಿ 'ಪುಲಿ' ಎಂದು ಕೇಳಿದ ಮಗುವು ಯಾರೂ ಹೇಳಿಕೊಡದ ಸೂತ್ರವೊಂದನ್ನು ತಾನೇ ಕಂಡುಕೊಳ್ಳುವುದು. ಹಣ್ಣನ್ನು 'ಪಣ್ಣು' ಎಂದೀತು. ತೆಲುಗಿನಲ್ಲಿ ಅದು 'ಪಂಡು' ಎಂದು ಹಿರಿಯರು ನಗುವರು. ಹಳಗನ್ನಡದಲ್ಲಿ ಅದು 'ಪಣ್' ಎಂದೇ ಇದ್ದಿತೆಂಬುದನ್ನು ನಗುವವರು ಮರೆಯಬಾರದು! ಹೀಗೆ ಪದವನ್ನು ಹೊರಳಿಸಿ ನೋಡುವ ಚಪಲವೇ ಪ್ರತಿಭೆಯ ಮೊಳಕೆ.

ನೆರೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ತೆಲುಗು ಮನೆಮಾತಿನ ಒಂದೇ ಮನೆತನವು ಕನ್ನಡಕ್ಕೆ ಮೂವರನ್ನು ಕೊಟ್ಟಿತು. ಟಿ. ಎಸ್. ವೆಂಕಣ್ಣಯ್ಯನವರು (1885–1939) ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕನ್ನಡ ಪ್ರಾಧ್ಯಾಪಕರು. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ತ. ಸು. ಶಾಮರಾಯರು 'ಶಿವಶರಣ ಕಥಾರತ್ನಕೋಶ'ವನ್ನು ರಚಿಸಿದರು. ತ. ರಾ. ಸು. (1920–1984) ಅವರು ದುರ್ಗದ ಪಾಳೆಯಗಾರರನ್ನು ಕಾದಂಬರಿಗಳಲ್ಲಿ ನಿಲ್ಲಿಸಿದರು.

ಶರಣಸಾಹಿತ್ಯದಲ್ಲಿಯೂ ಇದು ಹೊಸತಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದಾಗ ದ್ವಿಪದವು ಭಾಮಿನೀ ಷಟ್ಪದಿಯಾಗಿ ಬೇರೊಂದು ನಡೆಯನ್ನೇ ಪಡೆಯಿತು.

ಎರಡು ನುಡಿಗಳು ಕಿವಿಗೆ ಬಿದ್ದ ಮಾತ್ರಕ್ಕೆ ಕವಿ ಹುಟ್ಟುವನೆಂದಲ್ಲ. ಲೇವಾದೇವಿಯ ನಾಲ್ಕು ಮಾತಿನಿಂದ ಏನೂ ಮೊಳೆಯದು. ಕಥೆ, ಒಗಟು, ಜೋಗುಳಗಳು ಎರಡರಲ್ಲಿಯೂ ದೊರೆಯಬೇಕು. ಮನೆಮಾತನ್ನು ಬಿಡಿಸಿದ ಮನೆಯಲ್ಲಿ ಮೊದಲು ಮೌನವಾಗುವವಳು ಕಥೆ ಬಲ್ಲ ಅಜ್ಜಿಯೇ.