ವಾಟ್ಸಾಪ್ ಮಾರಾಟಕ್ಕೆ ಬಹುಮಾನ: ಅಳತೆ ಯಾವುದು?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರಿಗೆ ಬೆಳೆ ಸ್ಪರ್ಧೆ ಹೊಸದೇನಲ್ಲ. ಕೃಷಿ ಇಲಾಖೆಯವರು ಹೊಲಕ್ಕೆ ಬಂದು, ಎಲ್ಲರೆದುರಿಗೆ ಕೊಯ್ಲು ಮಾಡಿಸಿ, ತೂಕ ಹಾಕಿ, ಆಮೇಲೆ ಬಹುಮಾನ ಗೊತ್ತುಮಾಡುತ್ತಾರೆ. ಈಚೆಗೆ ಬೇರೊಂದು ಬಗೆಯ ಬಹುಮಾನವೂ ಬಂದಿದೆ. 2024ರ ಮಾರ್ಚ್ 8ರಂದು ಕೇಂದ್ರ ಸರ್ಕಾರವು ದೆಹಲಿಯಲ್ಲಿ ನೀಡಿದ ರಾಷ್ಟ್ರೀಯ ಕ್ರಿಯೇಟರ್ಸ್ ಪ್ರಶಸ್ತಿಗಳಲ್ಲಿ ಕೃಷಿಗೆಂದೇ ಒಂದಿತ್ತು. ಸಾವಯವ ಬೇಸಾಯದ ವಿಡಿಯೋಗಳನ್ನು ಮಾಡುವ ಲಕ್ಷ್ಯ ಡಬಾಸ್ ಅವರಿಗೆ ಅದು ಸಂದಿತು. ಆ ಪ್ರಶಸ್ತಿಗಳಿಗೆ ಸಾರ್ವಜನಿಕರ ಮತವನ್ನೂ ಪಡೆಯಲಾಗಿತ್ತು.

ತಿಳಿವಳಿಕೆ ಹಂಚುವವರಿಗೆ ಮತದ ಅಳತೆ ಸಲ್ಲಬಹುದು. ಮೊಬೈಲಿನಲ್ಲಿ ಮಾಲು ಮಾರುವ ರೈತನಿಗೆ ಅದು ಸಾಲದು. ವಿಡಿಯೋವನ್ನು ಹತ್ತು ಸಾವಿರ ಜನ ನೋಡಿದ ಮಾತ್ರಕ್ಕೆ ಕಡಲೆಕಾಯಿ ಮೂಟೆ ಖಾಲಿಯಾಗುವುದಿಲ್ಲ.

ಒಂದು ಲೆಕ್ಕವನ್ನು ಗಮನಿಸಿ. ಚೆನ್ನಾಗಿ ಒಣಗಿದ ಒಂದು ಕ್ವಿಂಟಾಲ್ ಕಡಲೆಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ. ಗಾಣಕ್ಕೆ ಹಾಕಿದರೆ ಸುಮಾರು 28 ಕಿಲೋ ಎಣ್ಣೆ, ಮಿಕ್ಕದ್ದು ಹಿಂಡಿ. ಎಣ್ಣೆ ಮತ್ತು ಹಿಂಡಿಯ ಬೆಲೆ ಕೂಡಿಸಿ, ಅದರಿಂದ ಸುಲಿಯುವ ಕೂಲಿ, ಗಾಣದ ಬಾಡಿಗೆ, ಡಬ್ಬಿ, ಪಾರ್ಸಲ್ ಖರ್ಚು ಕಳೆಯಿರಿ. ಉಳಿದದ್ದು ಆ ದಿನ ಮಾರುಕಟ್ಟೆಯಲ್ಲಿ ಅದೇ ಕ್ವಿಂಟಾಲ್ ಕಾಯಿಗೆ ಸಿಗುತ್ತಿದ್ದ ಹಣಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ವಾಟ್ಸಾಪ್ ಲಾಭ ತಂದಿತೆನ್ನಬಹುದು. ಮನೆಯವರ ದುಡಿಮೆಗೂ ಕೂಲಿ ಹಾಕತಕ್ಕದ್ದು; ಹೆಂಗಸರು ರಾತ್ರಿ ಕುಳಿತು ಬೀಜ ಆರಿಸಿದ್ದನ್ನು ಲೆಕ್ಕಕ್ಕೇ ಹಿಡಿಯದವರು ಬಹಳ.

ಒಂದು ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹೇಳಿದ ಬೆಲೆ ಲೀಟರಿಗೋ ಕಿಲೋಗೋ ಎಂಬುದು ಸ್ಪಷ್ಟವಿಲ್ಲದಿದ್ದರೆ ಬೆಂಗಳೂರಿನ ಗಿರಾಕಿ ಎರಡನೆಯ ಸಲ ಕೇಳುವುದಿಲ್ಲ.

ಬಿತ್ತನೆ ಬೀಜ ಮಾರುವವರು ಇನ್ನೂ ಎಚ್ಚರ ವಹಿಸಬೇಕು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ ರೈತನು ತಾನು ಬೆಳೆದ ಬೀಜವನ್ನು ಮಾರಬಹುದು. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಚ್ಚಿ ಮಾರುವಂತಿಲ್ಲ. ವಿಡಿಯೋದಲ್ಲಿ ಹಸಿರು ಬೆಳೆ ತೋರಿಸಿ ಕಳಿಸಿದ ಬೀಜ ಮೊಳೆಯದಿದ್ದರೆ, ಪಾವಗಡದಂಥ ಮಳೆಯಾಶ್ರಿತ ಸೀಮೆಯಲ್ಲಿ ಕೊಂಡವನ ಇಡೀ ಹಂಗಾಮು ಹೋದಂತೆಯೇ. ಮಾರುವ ಮೊದಲು 100 ಬೀಜಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಪರೀಕ್ಷಿಸಿ. 70ಕ್ಕಿಂತ ಕಡಿಮೆ ಮೊಳೆತರೆ ಬಿತ್ತನೆಗೆಂದು ಮಾರಕೂಡದು.

ಯುವಕ ಸಂಘಗಳಾಗಲಿ, ರೈತ ಉತ್ಪಾದಕ ಕಂಪನಿಗಳಾಗಲಿ ಇಂಥ ಬಹುಮಾನ ಇಡುವುದಾದರೆ ಸ್ಪರ್ಧಿಯ ಖಾತೆ ಪುಸ್ತಕವನ್ನು ತರಿಸಿಕೊಳ್ಳಬೇಕು. ಎಷ್ಟು ಗಿರಾಕಿಗಳು ಮರಳಿ ಕೊಂಡರು, ಎಷ್ಟು ಪಾರ್ಸಲು ವಾಪಸಾದವು, ಬಾಕಿ ಎಷ್ಟಿದೆ ಎಂಬುದನ್ನು ನೋಡಬೇಕು. ಹುಣಿಸೆಹಣ್ಣು ಮಾರುವವರ ಪುಸ್ತಕವನ್ನು ಮಾರ್ಚ್ ತಿಂಗಳಲ್ಲಿ ನೋಡಿ ಪ್ರಯೋಜನವಿಲ್ಲ. ಸುಗ್ಗಿ ಮುಗಿದು ಬಾಕಿ ವಸೂಲಾಗುವ ಜೂನ್‌ವರೆಗೆ ಕಾಯುವುದು ಒಳ್ಳೆಯದು.